ಕಾಮಾಲೆಗೆ ನಾಟಿ ಔಷಧಿ ಕೊಡಿಸಬಹುದಾ?

ತಮ್ಮನ ಕಣ್ಣು ಹಳದಿಯಾಗಿದೆ, ಮನೆಯವರು ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ. ಔಷಧಿಯ ಮಾತು ಆಮೇಲೆ.

ಕಾಮಾಲೆ ಒಂದೇ ಕಾಯಿಲೆಯಲ್ಲ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಎಂಬ ಲಿವರ್ ಸೋಂಕುಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆ ದಿನಗಳಲ್ಲಿ ಖಾಲಿ ಹೊಟ್ಟೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದಿದ್ದರೆ, ವಾಸಿ ಮಾಡಿದ ಹೆಸರು ನೆಲನೆಲ್ಲಿಗೆ ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಕಾಡುವ ಇಲಿ ಜ್ವರದಲ್ಲೂ ಆಗುತ್ತದೆ. ಅದಕ್ಕೆ ಬೇಗ ಆ್ಯಂಟಿಬಯಾಟಿಕ್ ಬೇಕು. ಸೊಪ್ಪಿನ ರಸ ಕುಡಿಸುತ್ತಾ ವಾರ ಕಾದರೆ ಕಿಡ್ನಿಗೂ ಕುತ್ತು ಬರಬಹುದು.

‘ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನೂ ಸಂಭಾಳಿಸಬೇಕಾದದ್ದು ಈಗಾಗಲೇ ಸುಸ್ತಾದ ಲಿವರ್ರೇ. ಅಮೃತಬಳ್ಳಿಯಿಂದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಪೊಟ್ಟಣದಲ್ಲಿ ಏನಿದೆ ಅಂತ ಹೇಳದವರ ಪುಡಿ ಬೇಡ. ಕೈಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ.

ಕಾರಣ ಗೊತ್ತಾದ ಮೇಲೂ ಆಯುರ್ವೇದ ಬೇಕೆನಿಸಿದರೆ ಬಿಎಎಂಎಸ್ ಓದಿದವರ ಹತ್ತಿರ ಹೋಗಿ, ರಿಪೋರ್ಟ್ ತೋರಿಸಿ. ಅವರು ಕೊಟ್ಟದ್ದನ್ನು ನಿಮ್ಮ ಡಾಕ್ಟರಿಗೂ ತಿಳಿಸಿ. ಮಂಪರು, ತೊದಲು ಮಾತು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಗರ್ಭಿಣಿಯರಿಗೆ ಕಾಮಾಲೆ ಬಂದರೆ ಈ ಲಕ್ಷಣಗಳಿಗಾಗಿಯೂ ಕಾಯಬೇಡಿ.