ನಿಮ್ಮ ಕತೆಗೆ ‘ದ’ ಸಾಲದು

ಪ್ರಿಯರೇ,

ಮುನ್ನುಡಿ ಕೇಳಿ ನೀವು ಕಳಿಸಿದ ಕತೆ, ಪತ್ರ, ಪುಸ್ತಕದ ಪೋಸ್ಟರ್ ಮೂರೂ ತಲುಪಿದವು. ಪೋಸ್ಟರ್ ಮಾತ್ರ ಮೂರು ಸಲ ತಲುಪಿತು. ಒಂದು ನಿಮ್ಮಿಂದ, ಇನ್ನೊಂದು ಕನ್ನಡದವರ ಒಂದು ವಾಟ್ಸಾಪ್ ಗುಂಪಿನಿಂದ, ಮತ್ತೊಂದು ನಮ್ಮ ಕುಟುಂಬದ ನಾಗನ ಪೂಜೆಯ ಗುಂಪಿನಿಂದ. ಆ ಗುಂಪಿಗೆ ಅದು ಹೇಗೆ ಬಂತೋ ನಾಗನಿಗೇ ಗೊತ್ತು.

ಹೊಗಳಬೇಕಾದ್ದನ್ನು ಮೊದಲೇ ಹೊಗಳಿ ಮುಗಿಸುತ್ತೇನೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಮಳೆಗೆ ಅಡಿಕೆ ಕೊಳೆತು ಉದುರುವ ಕೊಳೆರೋಗ ಬಂದ ವರ್ಷ ಒಂದು ತೋಟದ ಮನೆಯಲ್ಲಿ ಏನಾಯಿತು ಎಂಬುದು ಕಾಸರಗೋಡಿನ ಪೆರ್ಲದ ಕಡೆಯವರೇ ಬರೆಯಬೇಕಾದ ಕತೆ. 11 ಕತೆ ಸೇರಿಸಿ ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆಯ್ತು.

ಈಗ ಮೊದಲ ಸಾಲಿಗೆ ಬರೋಣ. ‘ಆಗಸವೆಂಬ ನೀಲಿ ಕ್ಯಾನ್ವಾಸಿನಲ್ಲಿ ಕಾರ್ಮೋಡಗಳೆಂಬ ಮದಗಜಗಳು ಘೀಳಿಡುತ್ತಿರಲು, ಮುತ್ತಿನ ಮಣಿಗಳಂತಹ ಮಳೆಹನಿಗಳು ಧರಿತ್ರಿಯನ್ನು ಚುಂಬಿಸಿದವು.’

ಕತೆ ನಡೆಯುವುದು ಜಡಿಮಳೆಯ ಆಟಿ ತಿಂಗಳಲ್ಲಿ. ಆಟಿಯಲ್ಲಿ ಪೆರ್ಲದ ಆಕಾಶ ನೀಲಿ ಇದ್ದದ್ದನ್ನು ನೀವು ನೋಡಿದ್ದೀರಾ? ನಮ್ಮ ಜಿಲ್ಲೆಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ಮಳೆ ಯಾರನ್ನೂ ಚುಂಬಿಸುವುದಿಲ್ಲ, ಬಡಿಯುತ್ತದೆ. ಸೋಗೆಯ ಮೇಲೆ ಒಂದು ಸದ್ದು, ಹಂಚಿನ ಮೇಲೆ ಇನ್ನೊಂದು ಸದ್ದು. ಕ್ಯಾನ್ವಾಸು, ಆನೆ, ಮುತ್ತು, ಮುತ್ತು ಕೊಡುವುದು, ಇಷ್ಟೂ ಒಂದೇ ವಾಕ್ಯದಲ್ಲಿ ಇವೆ. ಓದುವವನ ತಲೆಗೆ ಒಂದು ಹನಿ ನೀರೂ ಬೀಳಲಿಲ್ಲ, ಅಲ್ವಾ?

ಎರಡನೇ ಪುಟ: ‘ಚಂದ್ರಗಿರಿ ಹೊಳೆಯು ನವವಧುವಿನಂತೆ ನಾಚುತ್ತ ಬಳುಕುತ್ತ ಸಾಗುತ್ತಿತ್ತು.’ ಅದೇ ಆಟಿ ತಿಂಗಳು. ಆಗ ಚಂದ್ರಗಿರಿ ಕೆಂಪು ನೀರು. ತೆಂಗಿನಕಾಯಿ, ಬುಡ ಕಿತ್ತ ಮರ, ಯಾರದೋ ಮನೆಯ ಚಪ್ಪಲಿ ಎಲ್ಲ ತೇಲಿ ಬರುತ್ತವೆ. ಇಂಥ ಮದುಮಗಳನ್ನು ಯಾರೂ ಮನೆ ತುಂಬಿಸಿಕೊಳ್ಳುವುದಿಲ್ಲ.

ಮೂರನೇ ಪುಟದ ಸಾಲಿಗೆ ನನಗೆ ನಿಜಕ್ಕೂ ಸಿಟ್ಟು ಬಂತು. ‘ಉದುರಿದ ಅಡಿಕೆಗಳ ಕಂಡ ಅಪ್ಪನ ಕಂಗಳಲ್ಲಿ ನೋವಿನ ಮಹಾಸಾಗರವೇ ಉಕ್ಕಿ ಹರಿಯಿತು.’ ನಾನೂ ತೋಟದ ಮನೆಯವನೇ. ಮಳೆ ಬಿಡದ ದಿನ ಮರದ ಬುಡದಲ್ಲಿ ಹಸಿ ಅಡಿಕೆ ಉದುರಿ ಬಿದ್ದದ್ದನ್ನು ಕಂಡ ಅಪ್ಪಂದಿರನ್ನು ನೋಡಿದ್ದೇನೆ. ಅವರು ಅಳುವುದಿಲ್ಲ. ಬಗ್ಗಿ ಒಂದು ಕಾಯಿ ಹೆಕ್ಕುತ್ತಾರೆ. ತೊಟ್ಟಿನ ಹತ್ತಿರ ನೀರು ಹಿಡಿದ ಹಾಗೆ ಕಪ್ಪಾಗಿದೆಯಾ ಎಂದು ನೋಡುತ್ತಾರೆ. ಬೆರಳಲ್ಲಿ ಒತ್ತುತ್ತಾರೆ. ಆಮೇಲೆ ತಲೆ ಎತ್ತಿ ಗೊನೆ ನೋಡುತ್ತಾರೆ, ಪಕ್ಕದ ಮರದ ಗೊನೆ ನೋಡುತ್ತಾರೆ. ಮನೆಗೆ ಬಂದು ‘ಮದ್ದು ಬಿಡುವವರಿಗೆ ಫೋನ್ ಮಾಡು’ ಎನ್ನುತ್ತಾರೆ, ಅಷ್ಟೇ. ಇದನ್ನೆಲ್ಲ ನೀವು ನನಗಿಂತ ಹತ್ತಿರದಿಂದ ನೋಡಿದವರು. ಹಾಗಿದ್ದೂ ಅಪ್ಪನ ಕಣ್ಣಿಗೆ ಸಮುದ್ರ ತಂದು ಸುರಿದಿರಿ.

ಇಷ್ಟಾಗಿಯೂ ನಿಮ್ಮ ಕತೆಯನ್ನು ನಾನು ಬದಿಗಿಡಲಿಲ್ಲ. ಅದಕ್ಕೆ ಐದನೇ ಪುಟದ ಈ ಎರಡು ವಾಕ್ಯ ಕಾರಣ: ‘ಮೂರು ಸಲ ಸೋಪು ಹಾಕಿದರೂ ಅಪ್ಪನ ಉಗುರಿನ ಸಂದಿನ ನೀಲಿ ಹೋಗಲಿಲ್ಲ. ಆ ದಿನ ಅವರು ಚಮಚದಲ್ಲಿ ಉಂಡರು.’

ಇಲ್ಲಿ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹೋಲಿಕೆ ಇಲ್ಲ, ಅಂತೆ ಕಂತೆ ಇಲ್ಲ. ಮದ್ದಿಗೆ ಹಾಕುವ ಮೈಲುತುತ್ತಿನ ನೀಲಿ ಇದೆ, ಚಮಚ ಇದೆ. ಅಪ್ಪನ ಇಡೀ ವರ್ಷ ಅದರೊಳಗೆ ಇದೆ. ಆಕಾಶಕ್ಕೆ ಬಳಿದ ಸುಳ್ಳು ನೀಲಿಯನ್ನೂ ಉಗುರಿನಲ್ಲಿ ಉಳಿದ ಈ ನೀಲಿಯನ್ನೂ ಬರೆದದ್ದು ಒಂದೇ ಕೈ ಎಂದು ನಂಬಲು ಕಷ್ಟವಾಯಿತು. ಮುಂದಿನ ವಾಕ್ಯದಲ್ಲೇ ‘ಬಡತನವೆಂಬ ಕರಾಳ ಸರ್ಪ’ ಹೆಡೆ ಎತ್ತಿತು. ನಂಬಿಕೆ ಬಂತು.

‘ಬಣ್ಣದ ಗದ್ಯ ನನಗೆ ಇಷ್ಟ, ತಾಳಮದ್ದಳೆ ಕೇಳಿ ಬೆಳೆದವನು ನಾನು’ ಎಂದು ಪತ್ರದಲ್ಲಿ ಬರೆದಿದ್ದೀರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನಲ್ಲಿ ಇದ್ದುಕೊಂಡು ಅದನ್ನು ತಪ್ಪು ಎನ್ನಲು ನನಗೇನು ಹುಚ್ಚೇ? ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಕಿರೀಟವನ್ನೂ ಮಾತಿನಲ್ಲೇ ಕಟ್ಟಬೇಕು. ಆದರೆ ಅಲ್ಲಿ ಎದುರು ಇನ್ನೊಂದು ಪಾತ್ರದ ಮಾತಾಡುವ ಒಬ್ಬ ಅರ್ಥಧಾರಿ ಕೂತಿರುತ್ತಾನೆ. ನೀವು ಹತ್ತು ನಿಮಿಷ ಮುತ್ತು ರತ್ನ ಉದುರಿಸಿದರೆ ಅವನು ಒಂದೇ ಪ್ರಶ್ನೆಯಲ್ಲಿ ಕೆಳಗಿಳಿಸುತ್ತಾನೆ. ಬರೆಯುವಾಗ ಎದುರು ಯಾರೂ ಇಲ್ಲ, ಅದೇ ಅಪಾಯ. ನಿಮ್ಮ ಕತೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ಇನ್ನೂ ವೇಷ ಕಟ್ಟುವ ಚೌಕಿಯಲ್ಲೇ ಕೂತಿದೆ. ಹೊರಗೆ ಚೆಂಡೆ ಬಡಿದೂ ಬಡಿದೂ ಸುಸ್ತಾಯಿತು.

ಕೊಳೆರೋಗದ ಮದ್ದು, ಬೋರ್ಡೋ ದ್ರಾವಣ ಮಾಡುವುದು ನಿಮಗೆ ಗೊತ್ತೇ ಇದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೆರೆಸಿದ ಮೇಲೆ ಹಳಬರು ಅದರಲ್ಲಿ ಒಂದು ಚಾಕು ಅದ್ದಿ ನೋಡುತ್ತಿದ್ದರು. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಹಾಗೇ ಬಿಟ್ಟರೆ ಗಿಡ ಸುಡುತ್ತದೆ. ಈ ಚಾಕು ನಿಮ್ಮ ಕತೆಯಲ್ಲಿ ಎಲ್ಲೂ ಕಾಣಲಿಲ್ಲ. ಆನೆಗೆ ಕೊಟ್ಟ ಜಾಗ ಅದಕ್ಕೆ ಕೊಡಬಹುದಿತ್ತು.

ಇದನ್ನೆಲ್ಲ ಹೇಳಲು ನನಗೇನು ಹಕ್ಕು ಎಂದರೆ, ನಿಮ್ಮ ರೋಗ ನನಗೂ ಬಂದಿತ್ತು. 1983ರಲ್ಲಿ, ಕಾಸರಗೋಡು ಇನ್ನೂ ಜಿಲ್ಲೆ ಆಗಿರಲಿಲ್ಲ, ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕಿದ್ದೆ. ಅಲ್ಲೇ ಅಚ್ಚಾಗುತ್ತಿದ್ದ ಪತ್ರಿಕೆಗೆ ಒಂದು ಕತೆ ಕೊಟ್ಟೆ. ಕೈಯಲ್ಲಿ ಅಚ್ಚಿನ ಮೊಳೆ, ಅಕ್ಷರಕ್ಕೊಂದರಂತೆ, ಜೋಡಿಸುವ ಕಾಲ. ಮಧ್ಯಾಹ್ನದ ಹೊತ್ತಿಗೆ ಮೊಳೆ ಜೋಡಿಸುತ್ತಿದ್ದ ಅಣ್ಣ ಒಳಗಿಂದ ಕೂಗಿದರು, ‘ಏ ಮಾರಾಯಾ, ‘ದ’ ಮುಗಿಯಿತು!’ ಹೋಗಿ ನೋಡಿದರೆ ಖಾನೆ ಖಾಲಿ. ಸುಂದರವಾದ, ಮೋಹಕವಾದ, ಗಾಢವಾದ, ನೀರವವಾದ. ಎರಡು ಪುಟಕ್ಕೇ ಎಲ್ಲ ‘ದ’ ತಿಂದು ಹಾಕಿದ್ದೆ. ಮುಂದಿನ ಪುಟದಲ್ಲಿ ಒಂದು ಮದುವೆ ಕಾಗದ ಅಚ್ಚಾಗಬೇಕಿತ್ತು. ‘ಮದುವೆಗೆ ಒಂದು ‘ದ’ ಬೇಕಲ್ಲ, ನಿನ್ನ ಕತೆಯಿಂದ ಕೀಳುತ್ತೇನೆ’ ಎಂದರು. ನನ್ನ ಎದುರೇ ಚಿಮಟದಲ್ಲಿ ಒಂದೊಂದೇ ಪದ ಕಿತ್ತರು. ಅವರು ಕಿತ್ತ ಪದಗಳಲ್ಲಿ ಒಂದೂ ಕತೆಗೆ ಬೇಕಾದ್ದಾಗಿರಲಿಲ್ಲ. ನನಗೆ ಎರಡು ವಾರ ಅವರ ಮೇಲೆ ಸಿಟ್ಟಿತ್ತು. ಈಗಿನ ಕಂಪ್ಯೂಟರಿನಲ್ಲಿ ‘ದ’ ಮುಗಿಯುವುದೇ ಇಲ್ಲ, ಅದು ನಿಮ್ಮ ದುರದೃಷ್ಟ.

ಪೋಸ್ಟರಿನ ವಿಷಯ. ‘ಎದೆ ನಡುಗಿಸುವ, ಕಣ್ಣೀರ ಕೋಡಿ ಹರಿಸುವ, ಗಡಿನಾಡಿನ ಅಪೂರ್ವ ಕಥಾಗುಚ್ಛ! ಇಂದೇ ಕಾದಿರಿಸಿ!’ ಪುಸ್ತಕ ಮಾರುವುದಕ್ಕೆ ನನ್ನ ತಕರಾರಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಇಲ್ಲೇ ಪುತ್ತೂರಿನಲ್ಲಿ ಕಾರಂತರು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ನಾನೂ 1986ರಲ್ಲಿ 32 ಪುಟದ ಒಂದು ಪುಸ್ತಕ ಮಾಡಿ, ಚೀಲದಲ್ಲಿ ತುಂಬಿಕೊಂಡು ರಾತ್ರಿ ಯಕ್ಷಗಾನ ಆಟಕ್ಕೆ ಹೋಗಿದ್ದೆ. ಬೆಳಗಾಗುವಾಗ ಮೂರು ಪ್ರತಿ ಮಾರಾಟವಾಗಿತ್ತು. ಅದರಲ್ಲಿ ಒಂದು ನೆಲಗಡಲೆ ಮಾರುವವನು ಕೊಂಡದ್ದು, ಯಾಕೆ ಎಂದು ಬೇರೆ ಹೇಳಬೇಕಾಗಿಲ್ಲ. 500 ಪ್ರತಿಯಲ್ಲಿ ಉಳಿದದ್ದನ್ನು ಅಟ್ಟದ ಗೆದ್ದಲು ಓದಿ ಮುಗಿಸಿತು. ನಾನೂ ಅವತ್ತು ‘ಅಪೂರ್ವ’ ಎಂದೇ ಕೂಗಿದ್ದೆ.

ನಿಮ್ಮ ಪೋಸ್ಟರಿನಲ್ಲಿ ಬೆಲೆ ಇಲ್ಲ, ಪುಟ ಎಷ್ಟು ಎಂದಿಲ್ಲ, ಕತೆ ಯಾರದು ಎಂದಿಲ್ಲ. ನನ್ನ ಎದೆ ನಡುಗುತ್ತದೋ ಇಲ್ಲವೋ ನಾನು ನೋಡಿಕೊಳ್ಳುತ್ತೇನೆ. ಅದೆಲ್ಲ ಅಳಿಸಿ ಆ ಉಗುರು ಮತ್ತು ಚಮಚದ ಎರಡು ವಾಕ್ಯ ಹಾಕಿ, ಕೆಳಗೆ ಬೆಲೆ ಹಾಕಿ. ಬದಿಯಡ್ಕದ ಪೇಟೆಯಲ್ಲಿ ಅಡಿಕೆ ತೂಕಕ್ಕೆ ಬಂದವನೂ ನಿಂತು ಓದುತ್ತಾನೆ. ಹಾಗೆಯೇ, ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಮಾಡಿಸಿಕೊಡಲು ಯಾರೋ ದುಡ್ಡು ಕೇಳಿದರು ಎಂದು ಬರೆದಿದ್ದೀರಲ್ಲ, ಕೊಡಬೇಡಿ. ನಮ್ಮ ದೇಶದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಲೇಖಕರೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಮುನ್ನುಡಿ ಕೇಳಿದ್ದೀರಿ. ಈಗ ಬರೆದರೆ ನಾನೂ ‘ಅಪೂರ್ವ’ ಎಂದೇ ಬರೆಯಬೇಕಾಗುತ್ತದೆ, ಬೇಡ. ಗೆರೆ ಎಳೆದ ಪ್ರತಿಯನ್ನು ಇದರ ಜೊತೆ ಕಳಿಸಿದ್ದೇನೆ. ಕೆಂಪು ಶಾಯಿ ಸ್ವಲ್ಪ ಜಾಸ್ತಿಯೇ ಆಗಿದೆ. ಎರಡನೇ ಸಲ ಮದ್ದು ಬಿಡುವ ಹೊತ್ತು ಬಂತು, ಆ ಕೆಲಸ ಮುಗಿಸಿ ಕತೆ ತಿದ್ದಿ ಕಳಿಸಿ. ಪುಸ್ತಕ ಬಂದಾಗ ಒಂದು ಪ್ರತಿ ನನಗೆ ತೆಗೆದಿಡಿ, ದುಡ್ಡು ಕೊಟ್ಟೇ ಕೊಳ್ಳುತ್ತೇನೆ. ವಾಟ್ಸಾಪ್ ಗುಂಪಿಗೆ ಮಾತ್ರ ಸೇರಿಸಬೇಡಿ.

ನಿಮ್ಮವ,
ಸಂಪಾದಕ