ಹಿಟ್ಟಿನ ಸೈಕಲಿಗೆ ಹಬ್ ಮೋಟಾರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಮನೆಯಲ್ಲಿಯೇ ದೋಸೆ ಹಿಟ್ಟು ಮತ್ತು ಇಡ್ಲಿ ಹಿಟ್ಟು ರುಬ್ಬಿ, ಬೆಳಿಗ್ಗೆ ಸುತ್ತಲಿನ ದಿನಸಿ ಅಂಗಡಿಗಳಿಗೆ ಸೈಕಲಿನಲ್ಲಿ ತಲುಪಿಸುತ್ತೇನೆ. ಸೈಕಲ್ ಹಳೆಯ ಮಾದರಿಯದು, 28 ಇಂಚಿನ ಚಕ್ರ, ಸರಳಿನ ಬ್ರೇಕು. ಹಿಂದೆ ಕಬ್ಬಿಣದ ಕ್ಯಾರಿಯರ್ ಬೆಸುಗೆ ಹಾಕಿಸಿ ಪೆಟ್ಟಿಗೆ ಕೂರಿಸಿದ್ದೇನೆ. ಪೆಟ್ಟಿಗೆ ಸೇರಿ ಸೈಕಲ್ 35 ಕಿಲೋ, ಹಿಟ್ಟು 55 ಕಿಲೋ, ನಾನು 60 ಕಿಲೋ. ದಿನಕ್ಕೆ ಸುಮಾರು 18 ಕಿ.ಮೀ. ಓಡಾಟ, ದಾರಿಯ ಎರಡು ಏರುಗಳಲ್ಲಿ ಇಳಿದು ತಳ್ಳುತ್ತೇನೆ. ಭಾರದ ಸೈಕಲಿಗೆ 1000 ವಾಟಿನ ಮೋಟಾರೇ ಬೇಕೆಂದು ಅಂಗಡಿಯವರೊಬ್ಬರು ಹೇಳುತ್ತಾರೆ. ಇದು ಸರಿಯೆ? ಮೋಟಾರನ್ನು ಯಾವ ಚಕ್ರಕ್ಕೆ ಹಾಕಿಸಬೇಕು? ನೋಂದಣಿ ಬೇಕಾಗುತ್ತದೆಯೆ?
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ನೀವು ತೂಕಗಳನ್ನು ಬಿಡಿಬಿಡಿಯಾಗಿ ಬರೆದು ಕಳುಹಿಸಿರುವುದರಿಂದ ಅಂದಾಜಿನ ಮಾತಿಗೆ ಬದಲಾಗಿ ಲೆಕ್ಕವನ್ನೇ ಮುಂದಿಡಬಹುದಾಗಿದೆ. ಒಟ್ಟು ಭಾರ 150 ಕಿಲೋ. ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರಸ್ತೆಯಲ್ಲಿ ಈ ಭಾರವನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಏರಿಸಲು ಚಕ್ರಕ್ಕೆ ಸುಮಾರು 200 ವಾಟ್ ಶಕ್ತಿ ಬೇಕು, 15 ಕಿ.ಮೀ. ವೇಗ ಬೇಕೆಂದರೆ ಸುಮಾರು 300 ವಾಟ್. ಆರಾಮವಾಗಿ ಪೆಡಲ್ ತುಳಿಯುವ ಮನುಷ್ಯನಿಂದ 60-70 ವಾಟ್ ಬರುತ್ತದೆ. ಆದ್ದರಿಂದ ನಿಧಾನವಾಗಿ ಏರಲು ಒಪ್ಪುವುದಾದರೆ, ತುಳಿಯುವುದನ್ನು ನಿಲ್ಲಿಸದಿದ್ದರೆ, 250 ವಾಟಿನೊಳಗಿನ ಹಬ್ ಮೋಟಾರು, ಅಂದರೆ ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಮೋಟಾರು, ನಿಮಗೆ ಸಾಕು. ನಿಮ್ಮ ಏರು ಎಷ್ಟು ಕಡಿದಾಗಿದೆ ಎಂಬುದನ್ನು ನೀವೇ ಅಳೆಯಬಹುದು. ಒಂದು ಮೀಟರ್ ಉದ್ದದ ನೇರ ಹಲಗೆಯನ್ನು ರಸ್ತೆಯ ಮೇಲೆ ಏರಿನ ದಿಕ್ಕಿಗೆ ಇಟ್ಟು, ಅದರ ಮೇಲೆ ಗಾರೆ ಕೆಲಸದವರ ರಸಮಟ್ಟ ಕೂರಿಸಿ, ಗುಳ್ಳೆ ನಡುವೆ ನಿಲ್ಲುವವರೆಗೆ ಹಲಗೆಯ ತಗ್ಗಿನ ತುದಿಯನ್ನು ಎತ್ತಿರಿ. ಆ ತುದಿಯ ಕೆಳಗಿನ ಸಂದು ನಾಲ್ಕು ಸೆಂಟಿಮೀಟರ್ ಇದ್ದರೆ ನೂರಕ್ಕೆ ನಾಲ್ಕರ ಏರು. ಎಂಟು ಸೆಂಟಿಮೀಟರ್ ಬಂದರೆ ಮೋಟಾರು ತನ್ನ ಮಿತಿಯ ಅಂಚಿಗೆ ಬರುತ್ತದೆ. ಅಂತಹ ದಾರಿಯಲ್ಲಿ ಹಿಟ್ಟನ್ನು ಎರಡು ಸಲವಾಗಿ ಒಯ್ಯುವುದೇ ಸರಿ.

1000 ವಾಟಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾನೂನಿನ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ, ಮೋಟಾರಿನ ಮೂವತ್ತು ನಿಮಿಷದ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 250 ವಾಟಿಗಿಂತ ಕಡಿಮೆ ಇದ್ದು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದು, ಬ್ಯಾಟರಿ ಬಿಟ್ಟು ಬರಿ ವಾಹನದ ತೂಕ 60 ಕಿಲೋ ಮೀರದೆ, ತಕ್ಕ ಬ್ರೇಕುಗಳೂ ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕಗಳೂ ಇದ್ದರೆ ಅಂತಹ ದ್ವಿಚಕ್ರ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ನೋಂದಣಿಯೂ ಚಾಲನಾ ಪರವಾನಗಿಯೂ ಬೇಕಿಲ್ಲ. ಈ ಷರತ್ತುಗಳನ್ನು ಅದೇ ನಿಯಮಗಳಲ್ಲಿ ಹೆಸರಿಸಿರುವ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು ಎಂಬ ಮಾತೂ ಅಲ್ಲಿದೆ. ಹಾಗಾಗಿ ಕಿಟ್ ಮಾರುವವರಲ್ಲಿ ಆ ದಾಖಲೆಯನ್ನು ಕೇಳಿ, ಬಿಲ್ಲಿನಲ್ಲಿ ಮೋಟಾರಿನ ವಾಟನ್ನು ಬರೆಸಿಕೊಳ್ಳಿ. 1000 ವಾಟ್ ಹಾಕಿಸಿದ ಸೈಕಲ್ ಈ ವಿನಾಯಿತಿಯಿಂದ ಹೊರಗುಳಿಯುತ್ತದೆ.

ಆದರೆ ನನ್ನ ನಿಜವಾದ ಆತಂಕ ಕಾನೂನಿನದಲ್ಲ, ಬ್ರೇಕಿನದು. 150 ಕಿಲೋ ಭಾರ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹೋಗುವಾಗ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿಗಿಂತ 25 ಕಿ.ಮೀ. ವೇಗದಲ್ಲಿ ಹೀರಿಕೊಳ್ಳಬೇಕಾದದ್ದು ನಾಲ್ಕು ಪಟ್ಟಿಗೂ ಹೆಚ್ಚು. ಈಗ ನಿಮ್ಮ ಕಾಲಿನ ಬಲವೇ ವೇಗಕ್ಕೆ ಮಿತಿ ಹಾಕುತ್ತಿದೆ, ಆದ್ದರಿಂದ ಸರಳಿನ ಬ್ರೇಕು ಹೇಗೋ ನಿಭಾಯಿಸುತ್ತಿದೆ. ಮೋಟಾರು ಬಂದ ದಿನ ಆ ಮಿತಿ ಇರುವುದಿಲ್ಲ. ಸರಳಿನ ಬ್ರೇಕಿನ ರಬ್ಬರು ಉಕ್ಕಿನ ರಿಮ್ಮನ್ನು ಒತ್ತಿ ನಿಲ್ಲಿಸುತ್ತದೆ. ಮಳೆಯಲ್ಲಿ ನೆನೆದ ಉಕ್ಕಿನ ಮೇಲೆ ಆ ರಬ್ಬರು ಜಾರುತ್ತದೆ ಎಂಬುದು ನಿಮಗೆ ಅನುಭವದಿಂದಲೇ ಗೊತ್ತಿರುತ್ತದೆ. ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡಬೇಕು. ಆದ್ದರಿಂದ ಡಿಸ್ಕ್ ಬ್ರೇಕಿಗೆಂದೇ ತಯಾರಾದ ಉಕ್ಕಿನ ಫೋರ್ಕನ್ನೂ ಅದಕ್ಕೆ ಹೊಂದುವ ಚಕ್ರವನ್ನೂ ಮುಂದೆ ಹಾಕಿಸಿರಿ. ಹಣಕ್ಕೆ ಇಕ್ಕಟ್ಟಾದರೆ ಈ ವರ್ಷ ಬ್ರೇಕು, ಮುಂದಿನ ವರ್ಷ ಮೋಟಾರು ಎಂದು ಮಾಡಿಕೊಳ್ಳಬಹುದು. ಇದನ್ನು ತಿರುವುಮುರುವು ಮಾಡಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಯಾವ ಚಕ್ರ ಎಂಬ ಪ್ರಶ್ನೆ. ಮುಂದಿನ ಚಕ್ರಕ್ಕೆ ಮೋಟಾರ್ ಹಾಕುವುದು ಸುಲಭ. ಚೈನಿನ ಗೊಡವೆ ಇಲ್ಲ, ಒಂದು ಮಧ್ಯಾಹ್ನದ ಕೆಲಸ. ಆದರೆ ನಿಮ್ಮ ಭಾರವೆಲ್ಲ ಹಿಂದಿದೆ. ಏರಿನಲ್ಲಿ ಮುಂದಿನ ಚಕ್ರ ಇನ್ನೂ ಹಗುರಾಗುತ್ತದೆ, ಜಲ್ಲಿಪುಡಿಯ ಮೇಲೆಯೋ ಒದ್ದೆ ರಸ್ತೆಯ ಮೇಲೆಯೋ ಹಿಡಿತ ಸಿಕ್ಕದೆ ನಿಂತಲ್ಲೇ ತಿರುಗುತ್ತದೆ. ಹಾಗಾಗಿ ನಿಮ್ಮ ಸೈಕಲಿಗೆ ಹಿಂದಿನ ಚಕ್ರವೇ ಸೂಕ್ತ. ಪೆಟ್ಟಿಗೆ ಮುಂದಿರುವ ಸೈಕಲಾಗಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ.

ಇಲ್ಲಿ ನಿಮ್ಮ ಮೆಕ್ಯಾನಿಕ್ ಮೊದಲು ಎದುರಿಸುವ ತೊಡಕು ಕಡ್ಡಿಗಳದ್ದು. ಹಳೆಯ ಮಾದರಿಯ ಸೈಕಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ರಿಮ್ಮಿಗೆ 32, ಹಿಂದಿನದಕ್ಕೆ 40 ರಂಧ್ರಗಳಿರುತ್ತವೆ. ಹಬ್ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ 36. ನಿಮ್ಮ ರಿಮ್ಮಿಗೆ ಅದು ಕೂರುವುದಿಲ್ಲ. ಕೆಲವು ರಂಧ್ರಗಳನ್ನು ಖಾಲಿ ಬಿಟ್ಟು ಕಟ್ಟಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. 36 ರಂಧ್ರಗಳ, ಎರಡು ಪದರದ, 26 ಇಂಚಿನ ಗಟ್ಟಿ ರಿಮ್ ಕೊಂಡು ದಪ್ಪ ಟೈರು ಹಾಕಿಸಿರಿ. ಸೈಕಲಿನ ಹಿಂಭಾಗ ಸುಮಾರು ಎರಡು ಸೆಂಟಿಮೀಟರ್ ತಗ್ಗುತ್ತದೆ. ಚಕ್ರ ಚಿಕ್ಕದಾದಷ್ಟೂ ಅದೇ ಮೋಟಾರು ಹೆಚ್ಚು ಬಲದಿಂದ ನೂಕುತ್ತದೆ ಎಂಬ ಲಾಭವೂ ಇದೆ. ಕಡ್ಡಿ 13 ಗೇಜಿನದಿರಲಿ. ಮೊದಲ ನೂರು ಕಿ.ಮೀ. ಓಡಿದ ಮೇಲೆ ಕಡ್ಡಿಗಳು ಸಡಿಲಗೊಳ್ಳುವುದು ಸಹಜ. ಆಗ ತಪ್ಪದೆ ಬಿಗಿ ಮಾಡಿಸಿ, ಬೆಂಡ್ ತೆಗೆಸಿರಿ. ಕಿಟ್ ಕೊಳ್ಳುವ ಮೊದಲು ಹಿಂದಿನ ಚಕ್ರ ಕೂರುವ ಜಾಗದ ಒಳ ಅಗಲವನ್ನು ಅಳೆಸಿ. ಹಿಂದಿನ ಚಕ್ರದ ಮೋಟಾರುಗಳು ಬಹುಪಾಲು 135 ಮಿ.ಮೀ. ಅಗಲಕ್ಕೆ ತಯಾರಾಗಿರುತ್ತವೆ, ನಿಮ್ಮ ಫ್ರೇಮು ಅದಕ್ಕಿಂತ ಕಿರಿದು. ಉಕ್ಕಿನ ಫ್ರೇಮನ್ನು ನುರಿತವರು ಎರಡೂ ಬದಿ ಸಮವಾಗಿ ಅಗಲಿಸಬಲ್ಲರು.

ಹಬ್ ಮೋಟಾರಿನಲ್ಲಿ ಎರಡು ಬಗೆ. ಒಳಗೆ ಗಿಯರ್ ಇರುವ ಸಣ್ಣ ಮೋಟಾರು, ಮತ್ತು ಗಿಯರ್ ಇಲ್ಲದೆ ನೇರವಾಗಿ ತಿರುಗುವ ದೊಡ್ಡ ಮೋಟಾರು. ಎರಡನೆಯದು ಬಾಳಿಕೆಯದು, ಸದ್ದಿಲ್ಲದ್ದು. ಆದರೆ ತೂಕ ಹೆಚ್ಚು, ನಿಧಾನಗತಿಯಲ್ಲಿ ಬಲ ಕಡಿಮೆ, ಬ್ಯಾಟರಿ ಮುಗಿದ ಮೇಲೆ ತುಳಿದರೆ ಎಳೆದು ಹಿಡಿದಂತಾಗುತ್ತದೆ. ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಹೋಗುವ ನಿಮಗೆ ಗಿಯರ್ ಇರುವುದೇ ಬೇಕು, ಅದರಲ್ಲೂ ಹಾಲ್ ಸಂವೇದಕ (ಮೋಟಾರಿನ ತಿರುಗುವ ಭಾಗ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ಪುಟ್ಟ ಬಿಡಿಭಾಗ) ಇರುವಂಥದ್ದು. ಭಾರ ಹೊತ್ತು ನಿಂತಲ್ಲಿಂದ ಹೊರಡುವಾಗ ಅದು ತಡವರಿಸುವುದಿಲ್ಲ. ಏರಿನಲ್ಲಿ ವೇಗ ಗಂಟೆಗೆ ಏಳೆಂಟು ಕಿ.ಮೀ.ಗಿಂತ ಕೆಳಗಿಳಿಯಲು ಬಿಡಬೇಡಿ. ಮೋಟಾರು ತಾನು ತಿರುಗಬೇಕಾದ ವೇಗದ ಅರ್ಧಕ್ಕೂ ಕೆಳಗೆ ಹೆಣಗುವಾಗ ಬ್ಯಾಟರಿಯ ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ, ಆ ಬಿಸಿಗೆ ಒಳಗಿನ ನೈಲಾನ್ ಗಿಯರುಗಳು ಮೆತ್ತಗಾಗುತ್ತವೆ.

ಒಂದು ಸಣ್ಣ ಬಿಡಿಭಾಗದ ಬಗ್ಗೆ ಒತ್ತಿ ಹೇಳಬೇಕು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಷ್ಟೇ ಬಲದಿಂದ ತನ್ನ ಆಕ್ಸಲನ್ನು ಹಿಂದಕ್ಕೆ ತಿರುಚಲು ನೋಡುತ್ತದೆ. 35 ನ್ಯೂಟನ್ ಮೀಟರ್ ತಿರುಚುಬಲ ಹತ್ತು ಮಿ.ಮೀ. ಅಗಲದ ಆಕ್ಸಲಿನ ಚಪ್ಪಟೆ ಭಾಗದ ಮೇಲೆ ಬಿದ್ದರೆ ಅದು ಸುಮಾರು 350 ಕಿಲೋ ತೂಕಕ್ಕೆ ಸಮ. ನಟ್ಟು ಎಷ್ಟೇ ಬಿಗಿಯಾಗಿದ್ದರೂ ಅದನ್ನು ಬಹುಕಾಲ ತಡೆಯಲಾರದು. ನಾನು ಮೊದಲ ಸಲ ಮೋಟಾರ್ ಕೂರಿಸಿದಾಗ ನಟ್ಟನ್ನೇ ನಂಬಿದ್ದೆ. ಮೂರನೆಯ ವಾರ ಏರಿನಲ್ಲಿ ಆಕ್ಸಲ್ ತಿರುಗಿ, ತಂತಿಗಳು ಹೊಸೆದುಕೊಂಡು ಹರಿದವು. ಫ್ರೇಮಿನ ಸೀಳೂ ಅಗಲವಾಗಿ ಹಾಳಾಯಿತು. ಆಕ್ಸಲಿನ ಚಪ್ಪಟೆಯನ್ನು ಹಿಡಿದು ಫ್ರೇಮಿಗೆ ಬಿಗಿಯುವ ಉಕ್ಕಿನ ಪಟ್ಟಿಗೆ ಟಾರ್ಕ್ ಆರ್ಮ್ ಎನ್ನುತ್ತಾರೆ. ಅದನ್ನು ಎರಡೂ ಬದಿಗೆ ಹಾಕಿಸಿರಿ. ಬ್ರೇಕ್ ಹಿಡಿಕೆ ಒತ್ತಿದ ಕೂಡಲೇ ಮೋಟಾರನ್ನು ನಿಲ್ಲಿಸುವ ಸ್ವಿಚ್ ಸಹ ಇರಲೇಬೇಕು.

ಬ್ಯಾಟರಿಯ ಲೆಕ್ಕ ಸರಳ. ಈ ಭಾರಕ್ಕೆ, ನಿಲುಗಡೆಗಳನ್ನೂ ಸೇರಿಸಿ, ಕಿಲೋಮೀಟರಿಗೆ 12 ವಾಟ್-ಗಂಟೆ ಹಿಡಿದರೆ 18 ಕಿ.ಮೀ.ಗೆ 216 ಆಗುತ್ತದೆ. 36 ವೋಲ್ಟ್ 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವಾಟ್-ಗಂಟೆ ಇರುವುದರಿಂದ ಅದು ಸಾಕು. ಚಾರ್ಜಿಗೆ ಖರ್ಚಾಗುವ ವಿದ್ಯುತ್ತು ದಿನಕ್ಕೆ ಕಾಲು ಯೂನಿಟ್ಟಿನ ಆಸುಪಾಸು. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ಸ್ವಲ್ಪ ಭಾರವಾದರೂ ಬಿಸಿಗೆ ಬೇಗ ಕೆರಳುವುದಿಲ್ಲ, ಹೆಚ್ಚು ಸಲ ಚಾರ್ಜಿಗೆ ಬಾಳುತ್ತದೆ. ಮನೆಯೊಳಗೆ ಚಾರ್ಜ್ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆ ಬಗೆಯ ಹನ್ನೆರಡು ಕೋಶಗಳ ಬ್ಯಾಟರಿಗೆ 43.8 ವೋಲ್ಟಿನ ಚಾರ್ಜರ್, ಸಾಮಾನ್ಯವಾಗಿ ಲಿಥಿಯಂ ಅಯಾನ್ ಎಂದು ಮಾರುವ ಇನ್ನೊಂದು ಬಗೆಯ ಹತ್ತು ಕೋಶಗಳದ್ದಕ್ಕೆ 42 ವೋಲ್ಟಿನದು. ಒಂದರದನ್ನು ಇನ್ನೊಂದಕ್ಕೆ ಚುಚ್ಚಬಾರದು. ನೀವು ನಸುಕಿನಲ್ಲಿ ಹೊರಡುವವರಾದ್ದರಿಂದ ರಾತ್ರಿ ಚಾರ್ಜಿಗಿಟ್ಟು ಮಲಗುವ ರೂಢಿ ಬರಬಹುದು. ಅದರ ಬದಲು ಹಿಟ್ಟು ರುಬ್ಬುತ್ತ ಎಚ್ಚರವಿರುವ ಹೊತ್ತಿನಲ್ಲಿಯೇ ಚಾರ್ಜ್ ಮಾಡಿಕೊಳ್ಳಿ, ಬಾಗಿಲ ದಾರಿಯಲ್ಲಿ ಇಡಬೇಡಿ.

ಪ್ರಶ್ನೆ: ನಾನು ಮಂಡ್ಯದ ಬಳಿಯ ಹಳ್ಳಿಯಿಂದ ಸೈಕಲಿನಲ್ಲಿ ಎಳನೀರು ತಂದು ಪಟ್ಟಣದಲ್ಲಿ ಮಾರುತ್ತೇನೆ. ನೆಂಟರ ಕಚೇರಿಯಲ್ಲಿ ತೆಗೆದುಹಾಕಿದ 12 ವೋಲ್ಟಿನ, 12 ಆಂಪಿಯರ್-ಗಂಟೆಯ ಮೂರು ಯುಪಿಎಸ್ ಬ್ಯಾಟರಿಗಳು ಸಿಕ್ಕಿವೆ. ಅವುಗಳಿಂದಲೇ 36 ವೋಲ್ಟಿನ ಮೋಟಾರ್ ಓಡಿಸಬಹುದೆ? ಹೊಸ ಹೆದ್ದಾರಿಯಲ್ಲಿ ಹೋಗಬಹುದೆ?
— ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಓಡುತ್ತದೆ, ಆದರೆ ನಿಮ್ಮನ್ನು ಅರ್ಧ ದಾರಿಯಲ್ಲಿ ಬಿಡುತ್ತದೆ. 12 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಒಂದೊಂದೂ ಸುಮಾರು ನಾಲ್ಕು ಕಿಲೋ. ಮೂರರ ಮೇಲೆ ಬರೆದಿರುವುದು 432 ವಾಟ್-ಗಂಟೆಯಾದರೂ ಒಂದೆರಡು ಗಂಟೆಯಲ್ಲಿ ರಭಸವಾಗಿ ಎಳೆದಾಗ ಅಷ್ಟು ಸಿಕ್ಕುವುದಿಲ್ಲ, ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಆಯಸ್ಸೂ ಬೇಗ ತೀರುತ್ತದೆ. ಕಚೇರಿಯವರು ತೆಗೆದುಹಾಕಿದ್ದೇ ಅವು ಸೊರಗಿದ್ದರಿಂದ ಎಂಬುದನ್ನು ಮರೆಯಬೇಡಿ. ಹನ್ನೆರಡು ಕಿಲೋ ಬ್ಯಾಟರಿಯ ಜಾಗದಲ್ಲಿ ಆರೇಳು ಎಳನೀರು ಹೊರಬಹುದು. ಮನೆ ಸುತ್ತ ಓಡಿಸಿ ನೋಡಿ ಕಲಿಯಲು ಬಳಸಿರಿ, ದುಡಿಮೆಗೆ ಲಿಥಿಯಂ ಕೊಳ್ಳಿರಿ.

ಹೆದ್ದಾರಿಯ ಮಾತು: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಮೋಟಾರಿಲ್ಲದ ವಾಹನಗಳನ್ನೂ 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದೆ. ಸೈಕಲಿಗೆ ಮೋಟಾರು ಬಂದಿತೆಂದು ಇದು ಬದಲಾಗುವುದಿಲ್ಲ. ಸರ್ವಿಸ್ ರಸ್ತೆಯನ್ನೇ ಬಳಸಿ. ಎಳನೀರಿನ ಗೊನೆಗಳು ಕೆಂಪು ಪ್ರತಿಫಲಕವನ್ನು ಮರೆಮಾಡದಂತೆ ನೋಡಿಕೊಳ್ಳಿ.

ಪ್ರಶ್ನೆ: ಮೋಟಾರ್ ಹಾಕಿಸಿ ಎಂಟು ತಿಂಗಳಾಯಿತು. ಮಳೆ ಬಂದ ಮರುದಿನ ಹೊರಡುವಾಗ ಚಕ್ರ ಗಡಗಡ ನಡುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಮೋಟಾರ್ ಕೆಟ್ಟಿದೆಯೆ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಬಿಸಿಲು ಏರಿದ ಮೇಲೆ ಸರಿಹೋಗುತ್ತಿರುವುದರಿಂದ ಮೋಟಾರಿನ ಸುರುಳಿ ಕೆಟ್ಟಿರಲಾರದು, ಹಾಲ್ ಸಂವೇದಕದ ತಂತಿಗಳಿಗೋ ಕನೆಕ್ಟರಿಗೋ ತೇವ ಇಳಿಯುತ್ತಿದೆ. ಆಕ್ಸಲಿನಿಂದ ಹೊರಬರುವ ತಂತಿಯನ್ನು ನೋಡಿರಿ. ಅದು ನೇರವಾಗಿ ಮೇಲಕ್ಕೆ ಹೋಗಿದ್ದರೆ ಮಳೆನೀರು ತಂತಿಯ ಗುಂಟ ಇಳಿದು ಆಕ್ಸಲಿನ ತೂತಿಗೆ ಸೇರುತ್ತದೆ. ತಂತಿ ಹೊರಬಂದ ಕೂಡಲೇ ಮೊದಲು ಕೆಳಕ್ಕೆ ಜೋತು, ಅನಂತರ ಬಾಗಿ ಮೇಲೇರುವಂತೆ ಕಟ್ಟಿರಿ. ನೀರು ಆ ಬಾಗಿನ ತಳದಿಂದಲೇ ತೊಟ್ಟಿಕ್ಕಿ ಬೀಳುತ್ತದೆ. ಕನೆಕ್ಟರನ್ನು ಬಿಚ್ಚಿ ಒಣಗಿಸಿ, ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಕೆರೆದು ತೆಗೆದು, ಬಾಯಿ ಕೆಳಮುಖವಾಗಿರುವಂತೆ ಮತ್ತೆ ಕೂಡಿಸಿ. ಸೈಕಲನ್ನು ಪೈಪಿನ ನೀರು ಹಾಯಿಸಿ ತೊಳೆಯದೆ ಒದ್ದೆ ಬಟ್ಟೆಯಿಂದ ಒರೆಸಿ. ಆಕ್ಸಲ್ ಮುಳುಗುವಷ್ಟು ನೀರು ನಿಂತ ಕಡೆ ಸವಾರಿ ಮಾಡಬೇಡಿ. ನಡುಕ ಕಾಣಿಸಿದ ದಿನ ಥ್ರಾಟಲ್ ತಿರುಗಿಸುತ್ತ ಹೋಗದೆ, ಮೋಟಾರನ್ನು ಆರಿಸಿ ತುಳಿದುಕೊಂಡೇ ಮನೆ ಸೇರಿರಿ. ಆ ಸ್ಥಿತಿಯಲ್ಲಿ ಒತ್ತಾಯಿಸಿದರೆ ಕಂಟ್ರೋಲರ್ (ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಪೆಟ್ಟಿಗೆ) ಸುಟ್ಟುಹೋಗಬಹುದು.