ವಾರಕ್ಕೆ ಹತ್ತೊಂಬತ್ತು ಸೋಪು: ಒಂದು ಆಪ್ತಸಲಹೆ ಪ್ರಕರಣ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ ಕತೆ ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಹತ್ತುವ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ತಾಯಿಯನ್ನು ಸುಶೀಲಮ್ಮ ಅನ್ನೋಣ, ತಂದೆಯನ್ನು ರಾಜಣ್ಣ. ಮಗ ಒಂಬತ್ತನೇ ಕ್ಲಾಸು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಮನೋಚೈತನ್ಯ. ಬರುವ ಜನ ಮಾತ್ರ ‘ಮಂಗಳವಾರದ ಡಾಕ್ಟ್ರು’ ಅಂತಾರೆ. ನಾನು ಅಲ್ಲಿ ಆಪ್ತಸಲಹೆಗಾರ್ತಿ. ಸುಶೀಲಮ್ಮ ಒಂದು ಮಂಗಳವಾರ ನನ್ನ ಹತ್ತಿರ ಬಂದಿದ್ದು ಗಂಡನ ವಿಷಯಕ್ಕಲ್ಲ, ಮಗನ ವಿಷಯಕ್ಕೆ. ಹುಡುಗನ ಬಾಯಲ್ಲಿ ವಾಸನೆ ಬಂತು ಅಂತ ಮೇಷ್ಟ್ರು ಮನೆಗೆ ಹೇಳಿ ಕಳಿಸಿದ್ದರು.

ಹುಡುಗ ಅರ್ಧ ಗಂಟೆ ಬಾಯಿ ಬಿಡಲಿಲ್ಲ. ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ ಹೇಳಿದ: ‘ನಾನು ಕುಡಿಯಲ್ಲ ಮೇಡಂ. ಅಪ್ಪ ತರೋಕೆ ಕಳಿಸ್ತಾರೆ. ದಾರೀಲಿ ಪ್ಯಾಕೆಟ್ ಮೂಲೆ ಕಚ್ಚಿ ಒಂದು ಗುಟುಕು ಹೀರ್ತೀನಿ ಅಷ್ಟೇ.’ ಪ್ಯಾಕೆಟ್ ಅಂದರೆ ತೊಂಬತ್ತು ಎಂಎಲ್‌ನ ವಿಸ್ಕಿ, ಎಲ್ಲರೂ ಅನ್ನೋದು ನೈಂಟಿ. ಕಚ್ಚಿದ್ದು ಗೊತ್ತಾಗಬಾರದು ಅಂತ ‘ಅಂಗಡೀಲೇ ಲೀಕ್ ಇತ್ತು’ ಅಂತಿದ್ದನಂತೆ.

ಅಂಗಡಿ ಅಂದರೆ ವೈನ್ ಶಾಪ್ ಅಲ್ಲ. ಲೈನಿನ ತುದಿಯ ಗೂಡಂಗಡಿ. ಬೀಡಿ, ಬೆಲ್ಲ, ಒಣಮೀನಿನ ಜೊತೆಗೆ ನೈಂಟಿ. ಅದಕ್ಕೆ ಲೈಸೆನ್ಸ್ ಎಲ್ಲಿಂದ ಬರಬೇಕು?

ಆಮೇಲೆ ಸುಶೀಲಮ್ಮ ಸೆರಗಿನ ಗಂಟಿನಿಂದ ಅಂಗಡಿ ಸಾಲದ ಪುಸ್ತಕ ತೆಗೆದರು. ಅಕ್ಕಿ, ಎಣ್ಣೆ, ಸಕ್ಕರೆ, ಸೋಪು. ಸೋಪು, ಸೋಪು, ಮತ್ತೆ ಸೋಪು. ಎಣಿಸಿದರೆ ಒಂದೇ ವಾರಕ್ಕೆ ಹತ್ತೊಂಬತ್ತು. ‘ನಮ್ಮನೇಲಿ ಇಷ್ಟು ಸೋಪು ಹಾಕಿ ಮೀಯೋರು ಯಾರಿದಾರೆ ಮೇಡಂ?’ ಅಂದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ ನನಗೆ. ನೈಂಟಿಗೆ ಆ ಪುಸ್ತಕದಲ್ಲಿ ಇಟ್ಟ ಹೆಸರು ಅದು.

ಹೋಗುವಾಗ ಇನ್ನೊಂದು ವಿಷಯ ಮೆಲ್ಲಗೆ ಹೇಳಿದರು. ಬಸ್ ಸ್ಟ್ಯಾಂಡಿನ ಪೋಸ್ಟರ್ ನೋಡಿ ‘ಕುಡಿತ ಬಿಡಿಸುವ ಪುಡಿ’ ತರಿಸಿದ್ದಾರೆ, ಗಂಡನಿಗೆ ತಿಳಿಯದ ಹಾಗೆ ಸಾರಿಗೆ ಬೆರೆಸುತ್ತಿದ್ದಾರೆ. ಅವತ್ತೇ ನಿಲ್ಲಿಸಿ ಅಂದೆ. ಅಂಥ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ. ಡೈಸಲ್ಫಿರಾಮ್ ಅನ್ನೋ ಔಷಧಿ ಇದ್ದರಂತೂ ಅಪಾಯ. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿ.ಪಿ. ಕುಸಿಯಬಹುದು. ಜೀವವೂ ಹೋಗಬಹುದು. ವೈದ್ಯರು ಈ ಮಾತ್ರೆ ಕೊಡುತ್ತಾರೆ ನಿಜ, ಆದರೆ ಕುಡಿಯುವವನಿಗೆ ಹೇಳಿ, ಅವನು ಒಪ್ಪಿದ ಮೇಲೆ. ಕದ್ದು ಕೊಟ್ಟಿದ್ದು ಗೊತ್ತಾದರೆ ಆಮೇಲೆ ಹೆಂಡತಿ ಕೈಯ ಊಟವನ್ನೂ ಅವನು ನಂಬಲ್ಲ.

ಮುಂದಿನ ವಾರ ರಾಜಣ್ಣ ಬಂದರು. ಮಗನ ವಿಷಯ ಕೇಳಿ ತಲೆ ತಗ್ಗಿಸಿದರು. ‘ಬಿಟ್ಬಿಡ್ತೀನಿ ಮೇಡಂ’ ಅಂದರು. ಆ ಜೋಶ್ ನೋಡಿ ನಾನೂ ಉಬ್ಬಿಹೋದೆ. ‘ಹಾಗಾದ್ರೆ ಈ ಭಾನುವಾರದಿಂದ ಮುಟ್ಟಬೇಡಿ’ ಅಂದೆ. ವೈದ್ಯರ ಮುಂದೆ ಉದ್ದ ಸಾಲಿತ್ತು. ಅವರನ್ನು ಅಲ್ಲಿ ನಿಲ್ಲಿಸದೆ ಕಳಿಸಿಬಿಟ್ಟೆ.

ಇದು ನನ್ನ ತಪ್ಪು. ದಿನಕ್ಕೆ ಎಷ್ಟು ಅಂತ ಕೇಳಿದ್ದೆ, ಬೆಳಗ್ಗೆ ಮೊದಲ ಗುಟುಕು ಎಷ್ಟು ಗಂಟೆಗೆ ಅಂತ ಕೇಳಿರಲಿಲ್ಲ. ಕೈ ನಡುಕ ನಿಲ್ಲಿಸೋಕೆ ಅವರು ಹಲ್ಲುಜ್ಜುವ ಮುಂಚೆಯೇ ಒಂದು ನೈಂಟಿ ಹಾಕುತ್ತಿದ್ದರು. ಶನಿವಾರ ರಾತ್ರಿ ಕೊನೆಯದು. ಸೋಮವಾರ ಬೆಳಗ್ಗೆ ಕಾಫಿ ಕಣದಲ್ಲಿ ಫಿಟ್ಸ್ ಬಂದು ಬಿದ್ದರು. ಸುತ್ತ ಇದ್ದವರು ಕೈಗೆ ಕಬ್ಬಿಣ ಹಿಡಿಸಿದರು. ಪುಣ್ಯಕ್ಕೆ ತೋಟದ ಲೆಕ್ಕ ಬರೆಯುವ ರೈಟ್ರು ಜೀಪ್ ತೆಗೆದು ನೇರ ಆಸ್ಪತ್ರೆಗೆ ತಂದರು.

ದಿನಾ ಕುಡಿದು ಮೈ ಒಗ್ಗಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಜ್ಞಾನ ತಪ್ಪಿದ ಹಾಗೆ ಮಾತು, ಇಲ್ಲದ್ದು ಕಾಣೋದು, ಬೆವರು, ಜ್ವರ. ಇದಕ್ಕೆ ಆಸ್ಪತ್ರೆಯೇ ಬೇಕು, ಕೋಣೆಗೆ ಚಿಲಕ ಹಾಕೋದಲ್ಲ. ಸುಸ್ತು ಅಂತ ಗ್ಲೂಕೋಸ್ ಬಾಟ್ಲಿ ಹಾಕಿಸೋದು ನಮ್ಮ ಕಡೆ ಅಭ್ಯಾಸ. ಕುಡಿತದವರಿಗೆ ಅದಕ್ಕೂ ಮುಂಚೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಡಬೇಕಾಗುತ್ತೆ. ‘ಇವರು ಕುಡೀತಾರೆ’ ಅಂತ ವೈದ್ಯರಿಗೆ ಮುಚ್ಚಿಡದೆ ಹೇಳಿ ಅನ್ನೋದು ಇದಕ್ಕೇ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಸೇರಿಸೋಣ ಅಂತ ರಾಜಣ್ಣನ ಅಣ್ಣ ಓಡಾಡುತ್ತಿದ್ದ. ಒಳ್ಳೇದೇ, ಶಿಬಿರದಿಂದ ನೆಟ್ಟಗಾದವರನ್ನು ನಾನೂ ನೋಡಿದ್ದೇನೆ. ಆದರೆ ಫಿಟ್ಸ್ ಬಂದವರು ಮೊದಲು ವೈದ್ಯರ ಕೈಗೆ, ಆಮೇಲೆ ಶಿಬಿರಕ್ಕೆ ಅಂದೆ.

ವಾರ ಕಳೆದು ರಾಜಣ್ಣ ಮನೆಗೆ ಹೋದರು. ಹೋಗಿದ್ದು ಅದೇ ಲೈನಿಗೆ, ಅದೇ ಗೂಡಂಗಡಿಯ ಮುಂದೆ ಹಾದು. ಒಬ್ಬ ಮನುಷ್ಯನ ಮನಸ್ಸು ಗಟ್ಟಿ ಮಾಡಿದರೆ ಇದು ಮುಗಿಯಲ್ಲ ಅಂತ ಅನಿಸಿದ್ದು ಆಗಲೇ.

ಲೈನಿನ ಹೆಂಗಸರ ಸಂಘದ ಸಭೆಗೆ ಹೋದೆ. ಯಾರ ಮನೆಯ ಹೆಸರೂ ಎತ್ತಲಿಲ್ಲ. ಎಲ್ಲರೂ ಸಾಲದ ಪುಸ್ತಕ ತನ್ನಿ, ಲೆಕ್ಕ ನೋಡೋಣ ಅಂದೆ. ಒಬ್ಬಳು ‘ಸೋಪು ಹದಿನಾಲ್ಕು’ ಅಂದಳು. ಇನ್ನೊಬ್ಬಳು ‘ನಮ್ದು ಇಪ್ಪತ್ತೆರಡು’. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿರಿಯಳೊಬ್ಬಳು, ‘ಸಾರಾಯಿ ನಿಂತಾಗ ದೇವ್ರಿಗೆ ಕಾಯಿ ಒಡೆದಿದ್ದೆ’ ಅಂದಳು. ರಾಜ್ಯದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈನಲ್ಲಿ. ಪ್ಯಾಕೆಟ್ಟಿನ ಬಣ್ಣ ಬದಲಾಯಿತು ಅಷ್ಟೇ.

ಅಬಕಾರಿಯವರಿಗೆ ಅರ್ಜಿ ಕೊಡೋಣ ಅಂತ ನಾನು. ಅವರು ಒಪ್ಪಲಿಲ್ಲ. ಅಂಗಡಿಯವಳೂ ಗಂಡನನ್ನು ಕುಡಿತಕ್ಕೇ ಕಳಕೊಂಡವಳು, ಎರಡು ಮಕ್ಕಳ ತಾಯಿ. ‘ಮೊದ್ಲು ನಾವೇ ಮಾತಾಡ್ತೀವಿ’ ಅಂದರು. ಐದಾರು ಜನ ಒಟ್ಟಿಗೆ ಹೋದರು. ನಾನು ಹೇಳಿಕೊಟ್ಟಿದ್ದು ಒಂದೇ ಮಾತು: ಮಕ್ಕಳ ಕೈಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು. ಆ ಸಂಜೆಯಿಂದಲೇ ಮಕ್ಕಳಿಗೆ ಕೊಡೋದು ನಿಂತಿತು. ಸಾಲಕ್ಕೆ ಬರೆಯೋದು ನಿಲ್ಲೋಕೆ ಇನ್ನೂ ಒಂದು ತಿಂಗಳು ಹಿಡಿಯಿತು. ಕೊನೆಗೆ ಮಾರಾಟ ನಿಂತಿದ್ದು ಸಂಘದವರೇ ಅಬಕಾರಿಗೆ ಅರ್ಜಿ ಕೊಟ್ಟ ಮೇಲೆ. ಈಗ ಯಾರೋ ಒಬ್ಬ ಬೈಕಿನಲ್ಲಿ ತಂದು ಕೊಡುತ್ತಾನಂತೆ. ಆದರೆ ಅವನು ಸಾಲ ಕೊಡಲ್ಲ.

ಜಾಸ್ತಿ ಕೆಲಸ ಮಾಡಿದ್ದು ಬಟವಾಡೆಯ ಬದಲಾವಣೆ. ಶನಿವಾರ ಸಂಜೆ ಕತ್ತಲಾಗುವ ಹೊತ್ತಿಗೆ ಬಟವಾಡೆ ಆಗುತ್ತಿತ್ತು. ಗಂಡನೇ ಹೆಂಡತಿಯ ಕೂಲಿಗೂ ಹೆಬ್ಬೆಟ್ಟು ಒತ್ತಿ ಎರಡನ್ನೂ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಸಾಹುಕಾರರ ಹತ್ತಿರ ನಾನು ಕುಡಿತದ ಮಾತೇ ಎತ್ತಲಿಲ್ಲ. ಸೋಮವಾರ ಎಷ್ಟು ಜನ ಕೆಲಸಕ್ಕೆ ಬರಲ್ಲ ಅಂತ ಕೇಳಿದೆ. ಅವರಿಗೆ ಅದರ ಲೆಕ್ಕ ಬಾಯಿಪಾಠ. ರೈಟ್ರು ಗೊಣಗಿದರು, ಆದರೂ ಬಟವಾಡೆ ಭಾನುವಾರ ಬೆಳಗ್ಗೆಗೆ ಬಂತು. ಹೆಂಗಸರ ಕೂಲಿ ಹೆಂಗಸರ ಕೈಗೇ. ಈಗ ಅವರು ದುಡ್ಡು ಹಿಡಿದು ನೇರ ಸಾಮಾನು ತರೋಕೆ ಹೋಗುತ್ತಾರೆ.

ಮನೆಯವರಿಗೆ ಹೇಳಿದ್ದು ಇಷ್ಟು. ಕುಡಿದು ಬಂದ ರಾತ್ರಿ ವಾದ ಬೇಡ, ಮಾತು ಬೆಳಗ್ಗೆ. ಕೈ ಮಾಡಿದರೆ ಸಹಿಸಿಕೊಂಡು ಕೂರಬೇಡಿ, ಪಕ್ಕದ ಮನೆಗೆ ಹೋಗಿ, 181ಕ್ಕೆ ಫೋನ್ ಮಾಡಿ. ಮಂಗಳವಾರದವರೆಗೆ ಕಾಯೋಕಾಗದಿದ್ದರೆ ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಚಟದ ವಿಷಯಕ್ಕೆ 14446. ಹುಡುಗನಿಗೆ ಭಾಷಣ ಮಾಡಲಿಲ್ಲ. ‘ಕುಡುಕ’ ಅನ್ನೋ ಮಾತು ಅವನ ಮೇಲೆ ಯಾರೂ ಬಳಸಬಾರದು ಅಂದೆ, ಮೇಷ್ಟ್ರಿಗೂ ಹೇಳಿದೆ. ಅವನಿಗೆ ಒಂದು ವಾಕ್ಯ ಕಲಿಸಿದೆ: ‘ಅಪ್ಪಾ, ಆಸ್ಪತ್ರೆ ಮೇಡಂ ಬೈತಾರೆ, ನಾನ್ ಹೋಗಲ್ಲ.’ ಅಪ್ಪನಿಗೆ ಎದುರಾಡೋಕೆ ಆ ವಯಸ್ಸಿಗೆ ಧೈರ್ಯ ಸಾಲಲ್ಲ. ಬೈಗುಳ ನನ್ನ ತಲೆಗೆ ಬರಲಿ ಬಿಡಿ. ಸಂಜೆ ಹುಡುಗರಿಗೆ ಕಣದಲ್ಲಿ ವಾಲಿಬಾಲ್ ನೆಟ್ ಕಟ್ಟಿಸಿದೆವು. ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ, ಆಟ ಬಂದ್. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ.

ನಾಲ್ಕು ತಿಂಗಳು ರಾಜಣ್ಣ ಮುಟ್ಟಲಿಲ್ಲ. ಆಮೇಲೆ ಭಾವನ ಊರಿನ ಜಾತ್ರೆಗೆ ಹೋಗಿ ಮೂರು ದಿನ ಕುಡಿದರು. ಸುಶೀಲಮ್ಮ ರಾತ್ರಿ ಜಗಳಕ್ಕೆ ಇಳಿಯಲಿಲ್ಲ, ಬೆಳಗ್ಗೆ ನನಗೆ ಫೋನ್ ಮಾಡಿದರು. ಮಂಗಳವಾರ ರಾಜಣ್ಣ ತಾವಾಗೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು.

‘ಬೆಳಗ್ಗೆ ಮೊದಲ ಗುಟುಕು ಎಷ್ಟು ಗಂಟೆಗೆ?’ ಅಂತ ಕೇಳಿದೆ.

‘ಬೆಳಗ್ಗೆ ಇಲ್ಲ ಮೇಡಂ. ರಾತ್ರಿ ಮಾತ್ರ’ ಅಂದರು. ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಸ್ವಲ್ಪ ನಡುಗುತ್ತಿತ್ತು. ಈ ಸಲ ನಾನೇ ಜೊತೆಗೆ ಹೋಗಿ ವೈದ್ಯರ ಸಾಲಿನಲ್ಲಿ ನಿಂತೆ.